ಅಪ್ಪಾಸಾಬನ ಮೆಟಾಡೇಟಾ

ಮಂಚದ ಅಂಚಿಗೆ ಬಿಗಿದಿದ್ದ ಶಾವಿಗೆ ಮಶೀನಿನ ಹಿಡಿಕೆಯನ್ನು ಸುಂದ್ರವ್ವ ತಿರುಗಿಸುತ್ತಿದ್ದಳು. ಕೆಳಗೆ ಇಳಿದು ಬರುತ್ತಿದ್ದ ಎಳೆಗಳನ್ನು ಕಮಲಾಬಾಯಿ ಕೋಲಿನ ಮೇಲೆ ಹಿಡಿದು, ಕತ್ತರಿಸಿ, ಬಿಸಿಲಿಗೆ ಕಟ್ಟಿದ ಹಗ್ಗಕ್ಕೆ ಇಳಿಬಿಡುತ್ತಿದ್ದಳು. ಉಳಿದ ನಾವು ನಾಲ್ಕಾರು ಹೆಂಗಸರು ಹಿಟ್ಟು ನಾದುತ್ತ, ಹಿಟ್ಟಿಗಿಂತ ಹೆಚ್ಚಾಗಿ ಮಾತು ನಾದುತ್ತ ಕುಳಿತಿದ್ದೆವು. ಅಕ್ಕೋಳದ ಬೇಸಿಗೆ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೂ ಯಾರಿಗೂ ಹೊಳೆದಿಲ್ಲ.

ಒಳಗೆ ಪಡಸಾಲೆಯಲ್ಲಿ ಟಿವಿ ಹಚ್ಚಿತ್ತು. ಕಮಲಾಬಾಯಿಯ ಮಗಳು ಸ್ನೇಹಲಳ ಮದುವೆಯ ಡಿವಿಡಿ ಅಂದು ಬೆಳಿಗ್ಗೆಯೇ ನಿಪ್ಪಾಣಿಯಿಂದ ಬಂದಿತ್ತು. ಕೆಲಸ ಬಿಟ್ಟು ನೋಡಲಿಕ್ಕೆ ಆಗದು, ನೋಡದೆ ಇರಲಿಕ್ಕೂ ಆಗದು. ಅದಕ್ಕೆ ದನಿ ದೊಡ್ಡದು ಮಾಡಿಸಿ, ಮದುವೆಯನ್ನು ಅಂಗಳದಿಂದಲೇ ಕೇಳುತ್ತಿದ್ದೆವು. ಬಾಗಿಲಲ್ಲಿ ನಿಂತ ಸ್ನೇಹಲ ತನ್ನ ಮದುವೆಯನ್ನು ತಾನೇ ನಮಗೆ ವರದಿ ಮಾಡುತ್ತಿದ್ದಳು.

“ಈಗ ಅಕ್ಷತಿ ಬಿತ್ತು. ಈಗ ಊಟದ ಪಂಗತಿ. ಸುಂದ್ರವ್ವ ಚಿಗವ್ವ, ನೀ ಎರಡನೇ ಸಲ ಜಿಲೇಬಿ ಹಾಕಿಸ್ಕೊಳ್ಳೂದು ಬಂತು ನೋಡು.”

“ಅದನ್ಯಾಕ ತಗದಾನ ನಿಮ್ಮ ಮಾಮಾ? ಬ್ಯಾರೆ ಏನೂ ಸಿಗಲಿಲ್ಲೇನು?” ಎಂದು ಸುಂದ್ರವ್ವ ಹಿಡಿಕೆಯನ್ನು ಜೋರಾಗಿ ತಿರುಗಿಸಿದಳು.

ಸ್ನೇಹಲ ಮದುವೆಯಾಗಿ ಕಾಗವಾಡಕ್ಕೆ ಹೋಗಿ, ಒಂದಿಷ್ಟು ದಿನ ಇದ್ದು, ರೂಢಿಯ ಪ್ರಕಾರ ತವರಿಗೆ ಬಂದಿದ್ದಳು. ಮರಳಿ ಹೋಗಬೇಕಾದರೆ ಕಾಗವಾಡದಿಂದ ಪತ್ರ ಬರಬೇಕು. ಫೋನ್ ನಡೆಯುವುದಿಲ್ಲ. ಅವಳ ಮಾವ ಶಾಂತಿನಾಥರ ಮನೆಯಲ್ಲಿ ಹೊಸ ಸೊಸೆಯನ್ನು ಮೊದಲ ಸಲ ಕರೆಸಿಕೊಳ್ಳುವುದು ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದ ಪತ್ರ ಕಳಿಸಿಯೇ. ಆ ಪತ್ರ ಟಪಾಲು ಡಬ್ಬಿಗೆ ಬೀಳುವ ತನಕ ಮಗ ಹೆಂಡತಿಯ ಊರಿನ ಕಡೆಗೆ ಬೈಕಿನ ಮೋರೆ ತಿರುಗಿಸುವಂತಿಲ್ಲ. “ಫೋನ್ ಇರೂದು ದ್ರಾಕ್ಷಿ ದಲಾಲರ ಕೂಡ ಜಗಳಾ ಮಾಡಾಕ, ಸೊಸಿನ್ನ ಕರಿಯಾಕಲ್ಲ” ಎಂದು ಶಾಂತಿನಾಥರ ತಾಯಿ, ಆ ಮನೆಯ ಅಜ್ಜಿ, ಕಾಯ್ದೆ ಮಾಡಿಬಿಟ್ಟಿದ್ದಳು.

ಈ ಸಲ ಅಜ್ಜಿ ಇನ್ನೊಂದು ಕಲಮು ಸೇರಿಸಿದ್ದಳು. ಹೊಸ ಸೊಸೆ ಮನೆ ತುಂಬುವಾಗ ಹೊಸ್ತಿಲಲ್ಲಿ ನಿಂತು ಒಡಪು ಹೇಳಬೇಕಷ್ಟೆ? ಗಂಡನ ಹೆಸರನ್ನು ಹಾಗೇ ಹೇಳಬಾರದು, ಹೇಳದೆಯೂ ಇರಬಾರದು. ಎರಡು ಸಾಲಿನ ನಡುವೆ ಹೂವಿನಂತೆ ಮುಡಿಸಿ ಹೇಳಬೇಕು. ಸ್ನೇಹಲ ಹೇಳಿದ್ದಳು. ಆದರೆ ಅದೇ ಹೊತ್ತಿಗೆ ಬೆಂಜೋ ಪಾರ್ಟಿಯವರು ಓಣಿಯ ಕೋಳಿಗಳೆಲ್ಲ ಹಾರಿ ಹೋಗುವ ಹಾಗೆ ಬಾರಿಸಿದ್ದರಿಂದ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. “ಟಿವ್ಯಾಗರೆ ಕೇಳ್ತೀನಿ. ನನ್ನ ಮೊಮ್ಮಗನ ಹೆಸರ ಸೊಸಿ ಬಾಯಾಗ ಕೇಳಿದ ಮ್ಯಾಲೆ ಪತ್ರ ಬರಿ” ಎಂದು ಅಜ್ಜಿ ಮಗನಿಗೆ ಹೇಳಿದ್ದಳು. ಹೀಗಾಗಿ ಸ್ನೇಹಲಳ ಸಂಸಾರವೆಲ್ಲ ಆ ಒಂದು ಡಿವಿಡಿಯ ಮೇಲೆ ನಿಂತಿತ್ತು.

“ಒಡಪು ಬಂತು!” ಎಂದಳು ಸ್ನೇಹಲ. ನಾವೆಲ್ಲ ನಾದುವುದನ್ನು ನಿಲ್ಲಿಸಿದೆವು. ಟಿವಿಯಿಂದ ಹೆಣ್ಣಿನ ದನಿ ಗಂಟೆಯ ಹಾಗೆ ಬಂತು:

“ನಿಪ್ಪಾಣಿ ಪ್ಯಾಟ್ಯಾಗ ನಿಂತು ನಾಕ ಬಣ್ಣದ ಬಳಿ ತೊಟ್ಟೆ,
ಜ್ಞಾನದೇವರ ಹೆಸರ ಹೇಳಿ ಹೊಸ್ತಿಲದಾಗ ಕಾಲಿಟ್ಟೆ!”

ಅಳಿಯನ ಹೆಸರು ಸುಜಯ.

ಕಮಲಾಬಾಯಿಯ ಕೈಯಲ್ಲಿದ್ದ ಕೋಲು, ಕೋಲಿನ ಮೇಲಿದ್ದ ಶಾವಿಗೆ, ಎರಡೂ ಸಗಣಿ ಸಾರಿಸಿದ ನೆಲಕ್ಕೆ ಬಿದ್ದವು. ಆಮೇಲೆ ಸುಂದ್ರವ್ವ, ಬಹಳ ಮೆಲ್ಲಗೆ, ಅಂದರೆ ಎರಡು ಮನೆಯಾಚೆ ಕೇಳುವಷ್ಟು ಮೆಲ್ಲಗೆ, ಕೇಳಿದಳು:

“ಜ್ಞಾನದೇವ ಯಾರ ಬೇ?”

“ಅವ್ವಾ, ನಾ ಹಂಗ ಅಂದಿಲ್ಲ!” ಎಂದು ಸ್ನೇಹಲ ಕೂಗಿದಳು.

“ಬಾಯಿ ನಿಂದ ಐತಲ್ಲ!”

“ಬಾಯಿ ನಂದ. ದನಿ ನಂದಲ್ಲ!”

ನಿಜವೋ ಸುಳ್ಳೋ ನೋಡಲು ಎಲ್ಲರೂ ಹಿಟ್ಟಿನ ಕೈಯಲ್ಲೇ ಒಳಗೆ ನುಗ್ಗಿದೆವು. ಹಿಂದಕ್ಕೆ ತಿರುಗಿಸಿ ನೋಡಿದೆವು. ಮತ್ತೆ ತಿರುಗಿಸಿದೆವು. ಪ್ರತಿ ಸಲವೂ ಹಸಿರು ಪತ್ತಲದ ಸ್ನೇಹಲ ತಲೆ ತಗ್ಗಿಸಿ, ನಾಚಿ, ಜ್ಞಾನದೇವನ ಹೆಸರನ್ನೇ ಹೇಳಿದಳು. ಮಗ್ಗುಲಲ್ಲಿ ನಿಂತ ಸುಜಯ ಪ್ರತಿ ಸಲವೂ ಖುಷಿಯಿಂದ ನಕ್ಕ.

“ಪಾಪ, ಹ್ಯಾಂಗ ನಗಾಕತ್ತಾನ ನೋಡು,” ಎಂದು ಸುಂದ್ರವ್ವ ಕಣ್ಣೊರೆಸಿಕೊಂಡಳು.

“ನಿಮ್ಮ ಅಪ್ಪ ಇನ್ನೊಂದು ಡಿವಿಡಿ ತಗೊಂಡ ಮುಂಜಾನಿ ಬಸ್ಸಿಗೆ ಕಾಗವಾಡಕ್ಕ ಹೋಗ್ಯಾರ!” ಎಂದು ಕಮಲಾಬಾಯಿಗೆ ಅಷ್ಟೊತ್ತಿಗೆ ನೆನಪಾಯಿತು. ಗಂಡ ಜಿನ್ನಪ್ಪನಿಗೆ ಫೋನ್ ಹಚ್ಚಿದಳು. ಫೋನ್ ಅಡುಗೆಮನೆಯ ಗೂಟದಲ್ಲಿ ರಿಂಗಾಯಿತು. ಜಿನ್ನಪ್ಪ ಊರಿಗೆ ಹೋಗುವಾಗ ಮೊಬೈಲನ್ನು ಮನೆಯಲ್ಲೇ ಇಟ್ಟು ಹೋಗುವವನು. ಕಳೆದರೆ ಏನು ಮಾಡುವುದು?

ಈ ಡಿವಿಡಿಯ ಕರ್ತೃ ಅಪ್ಪಾಸಾಬ. ಕಮಲಾಬಾಯಿಯ ತಮ್ಮ, ಸ್ನೇಹಲಳ ಸೋದರಮಾವ, ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೋ ಅಂಗಡಿ. ಮೊದಲೆಲ್ಲ ಒಳ್ಳೆಯ ಮನುಷ್ಯನೇ. ಮದುವೆಗೆ ಕರೆದರೆ ಬರುತ್ತಿದ್ದ, ತೆಗೆಯುತ್ತಿದ್ದ, ಗುಲಾಬಿ ಹೂವಿನೊಳಗೆ ಮದುಮಕ್ಕಳ ಮೋರೆ ಇಟ್ಟು ಗಿರಗಿರ ತಿರುಗಿಸಿ ಕೊಡುತ್ತಿದ್ದ. ಆದರೆ ಮಿರಜಿಗೆ ಹೋಗಿ ಕಂಪ್ಯೂಟರಿನಲ್ಲಿ ಎಡಿಟಿಂಗ್ ಕಲಿತು ಬಂದವನು ಒಂದು ಶಬ್ದ ಕಲಿತು ಬಂದ. ಮೆಟಾಡೇಟಾ. ಅಂದಿನಿಂದ ಅಂಗಡಿಯ ಫಲಕದ ಮೇಲೆ ಅವನ ಹೆಸರು ಸಣ್ಣದಾಗಿ, ‘ಡಿಜಿಟಲ್ ಸೌಂಡ್ ತಜ್ಞ’ ಎಂಬುದು ದೊಡ್ಡದಾಗಿ ಬಂತು.

ಅವನು ಹೇಳುವ ಪ್ರಕಾರ ಸಂಗತಿ ಇಷ್ಟೇ. ಕ್ಯಾಮೆರಾದ ಕಿವಿ ಬೆಂಜೋ ಬಿಟ್ಟು ಬೇರೆ ಏನನ್ನೂ ಕೇಳುವುದಿಲ್ಲ. ಅದಕ್ಕೆ ಒಡಪು ಹೇಳುವವರ ಬಾಯಿಯ ಹತ್ತಿರ ಬೀಡಿ ಪೆಟ್ಟಿಗೆಯಷ್ಟು ಸಣ್ಣ ರೆಕಾರ್ಡರ್ ಹಿಡಿಯಬೇಕು. ಆ ದನಿ ಕಂಪ್ಯೂಟರಿನಲ್ಲಿ ಒಂದು ಫೈಲಾಗಿ ಕೂಡುತ್ತದೆ. ಪ್ರತಿ ಫೈಲಿನ ಬೆನ್ನಿಗೂ ಕಾಣದ ಒಂದು ಚೀಟಿ ಇರುತ್ತದೆ. ಹಾಡಿದವರು ಯಾರು, ಯಾವ ಸಮಾರಂಭ, ಯಾವ ತಾರೀಖು ಎಂದೆಲ್ಲ ಅದರಲ್ಲಿ ಬರೆಯಬಹುದು. ಎಡಿಟಿಂಗ್ ಮಾಡುವಾಗ ಚೀಟಿ ನೋಡಿ ದನಿಯನ್ನು ಹುಡುಕಿ, ಚಿತ್ರದ ಕೆಳಗೆ ಎಳೆದು ತಂದು ಕೂಡಿಸಿದರೆ ಮುಗಿಯಿತು. ಆ ಚೀಟಿಗೇ ಮೆಟಾಡೇಟಾ ಎನ್ನುವುದು.

ಇಲ್ಲಿಯವರೆಗೆ ತಪ್ಪಿಲ್ಲ. ಆದರೆ ಅಪ್ಪಾಸಾಬ ಇದರ ಮೇಲೆ ಒಂದು ಸಿದ್ಧಾಂತ ಕಟ್ಟಿದ್ದ. “ಕೇಳಿ ಎಡಿಟ್ ಮಾಡಾವ್ರು ಹಳೇ ಕಾಲದವ್ರು. ಚೀಟಿ ಇದ್ದ ಮ್ಯಾಲೆ ಕೇಳೂದು ಯಾಕ? ಓದಿದ್ರ ಸಾಕು” ಎನ್ನುವುದು ಆ ಸಿದ್ಧಾಂತ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಮೊಳೆಗೆ ನೇತು ಹಾಕಿ, ಅದಕ್ಕೆ ಊದುಬತ್ತಿ ಬೆಳಗುತ್ತಿದ್ದ.

ಮರುದಿನ ಕಮಲಾಬಾಯಿ ಮಗಳನ್ನು ಕರೆದುಕೊಂಡು ನಿಪ್ಪಾಣಿಗೆ ಹೋದಳು. ಒಬ್ಬಳೇ ಹೋಗುವುದು ಸರಿಯಲ್ಲವೆಂದು ಸುಂದ್ರವ್ವ ಹೊರಟಳು. ಸುಂದ್ರವ್ವ ಒಬ್ಬಳನ್ನೇ ಬಿಡುವುದು ಸರಿಯಲ್ಲವೆಂದು ನಾನೂ ಹೊರಟೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಅಂಗಡಿಯೊಳಗೆ ಒಬ್ಬ ಪೊಲೀಸ ನಿಂತಿದ್ದ. ಎತ್ತರದ ಆಳು, ಖಾಕಿ ಅಂಗಿ, ಲಾಠಿ ಬಗಲಲ್ಲಿ, ಕೈಯಲ್ಲಿ ಡಿವಿಡಿ. ಅಪ್ಪಾಸಾಬ ಕಂಪ್ಯೂಟರಿನ ಹಿಂದೆ ಕುಳಿತು, ಹಣೆ ಮಾತ್ರ ಕಾಣುವಂತೆ ಸರಿದಿದ್ದ.

“ಸುಜಯ ಅಂದ್ರ ಯಾಂವ ಲೇ?” ಪೊಲೀಸ ಕೇಳುತ್ತಿದ್ದ. “ಹೆಸರ ಸಿಕ್ಕೈತಿ. ವಿಳಾಸ ಹೇಳು, ವಯಸ್ಸು ಹೇಳು, ಗುರುತಿನ ಕಲಿ ಹೇಳು. ನನ್ನ ಹೆಂಡತಿ ನೀಲಮ ನಮ್ಮ ಮನಿ ಹೊಸ್ತಿಲದಾಗ ನಿಂತು, ನಮ್ಮ ಅವ್ವನ ಎದುರಿಗೆ, ‘ಸುಜಯರ ಮನಿಗೆ ಬಂದೆ’ ಅಂತಾಳ. ಇಡೀ ಪೊಲೀಸ್ ಲೈನ್ ಕೂಡಿ ನೋಡೈತಿ. ನಮ್ಮ ಸಾಹೇಬ್ರು ರಜಾ ಬೇಕೇನು ಅಂತ ಕೇಳಿದ್ರು, ನಾ ಕೇಳದನ!”

“ಸರ್, ಅದು ಮೆಟಾಡೇಟಾ…”

“ಯಾವ ಡೇಟಾ ಇದ್ರೂ ಠಾಣೇಕ್ಕ ತಗೊಂಡ ಬಾ!”

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಒಳಗೆ ಬಂದವನು ಸ್ನೇಹಲಳ ಗಂಡ. ಅಕ್ಕೋಳಕ್ಕೆ ಹೋಗಬಾರದೆಂದು ಅಜ್ಜಿಯ ಕಾಯ್ದೆ ಇತ್ತೇ ಹೊರತು ನಿಪ್ಪಾಣಿಗೆ ಹೋಗಬಾರದೆಂದು ಇರಲಿಲ್ಲ. ಹುಡುಗ ಕಾಯ್ದೆಯ ತೂತನ್ನು ಕಂಡುಹಿಡಿದಿದ್ದ. ಅವನ ಕೈಯಲ್ಲೂ ಒಂದು ಡಿವಿಡಿ. ಹೆಂಡತಿಯನ್ನು ನೋಡಿ ಮೋರೆ ಅರಳಿತು. ಡಿವಿಡಿ ನೆನಪಾಗಿ ಮುದುಡಿತು.

“ಅಪ್ಪಾಸಾಬ ಮಾಮಾರ, ಒಂದ ಮಾತ ಕೇಳ್ಬೇಕಾಗಿತ್ತ್ರಿ. ಈ ಜ್ಞಾನದೇವ ಅಂದ್ರ ಯಾರ್ರಿ?”

ಪೊಲೀಸ ತಿರುಗಿದ. “ನಾನ. ಯಾಕ್ರಿ?”

“ನೀವ್ರಿ?”

“ನಾನ. ನೀವ್ಯಾರು?”

“ನಾ… ನಾ ಸುಜಯ್ರಿ. ಕಾಗವಾಡದಂವ.”

ಇಬ್ಬರು ಗಂಡಂದಿರು, ಇಬ್ಬರ ಕೈಯಲ್ಲೂ ಡಿವಿಡಿ, ಒಬ್ಬೊಬ್ಬನದರಲ್ಲೂ ಇನ್ನೊಬ್ಬನ ಹೆಸರು. ಸುಂದ್ರವ್ವ ಅಲ್ಲಿದ್ದ ಸ್ಟೂಲಿನ ಮೇಲೆ ಆರಾಮಾಗಿ ಕುಳಿತಳು. ಬಸ್ಸಿನ ಟಿಕೀಟು ವಸೂಲಾಯಿತು ಎಂಬ ಸಮಾಧಾನ ಅವಳ ಮುಖದಲ್ಲಿತ್ತು.

ಆಗ ಕಮಲಾಬಾಯಿ ತಮ್ಮನನ್ನು ಕಂಪ್ಯೂಟರಿನ ಹಿಂದಿನಿಂದ ಕಿವಿ ಹಿಡಿದು ಹೊರಗೆ ಎಳೆದಳು. ತಜ್ಞನಾದರೂ ಕಿವಿ ಅಕ್ಕನದೇ. ಅಪ್ಪಾಸಾಬ ಕಂಪ್ಯೂಟರಿನ ಪರದೆ ತೋರಿಸಿದ. ಹಾಡಿದವರ ಹೆಸರಿನ ಸಾಲಿನಲ್ಲಿ, ಮೇಲಿನಿಂದ ಕೆಳಗಿನವರೆಗೆ, ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಮಾತು ಬರೆದಿತ್ತು. ಹೊಸ ಸೊಸಿ. ಹೊಸ ಸೊಸಿ. ಹೊಸ ಸೊಸಿ.

“ಇದೇನೋ ಇದು?” ಜ್ಞಾನದೇವ ಲಾಠಿಯಿಂದ ಪರದೆ ತಟ್ಟಿದ. “ಚಿಕ್ಕೋಡಿ ತಾಲೂಕಿನಾಗ ಹೊಸ ಸೊಸಿ ಒಬ್ಬಾಕಿನ ಏನು?”

“ಹಂಗಲ್ರಿ ಸರ್. ಮಂದಿ ಮನಿ ಹೆಣ್ಣಮಕ್ಕಳ ಹೆಸರು ಕಂಪ್ಯೂಟರ್‌ನಾಗ ಬರದ ಇಡೂದು ಛಲೋ ಕಾಣ್ಸೂದಿಲ್ರಿ. ಮದುವಿ ಮನ್ಯಾಗ ‘ತಂಗಿ, ಹೆಸರೇನವ್ವ’ ಅಂದ್ರ ಆಕಿ ನಗ್ತಾಳ, ಹೇಳೂದಿಲ್ಲ. ಬಾಜೂಕಿನವ್ರು ‘ಹೊಸ ಸೊಸಿ’ ಅಂತಾರ. ನಾ ಮರ್ಯಾದಿಲೆ ಅದನ್ನ ಬರದೇನ್ರಿ.”

“ಅಂದ್ರ ನೀ ಮರ್ಯಾದಿ ಉಳಸಾಕ ಹೋಗಿ ನಮ್ಮ ಇಬ್ಬರ ಮರ್ಯಾದಿ ಕಳದಿ,” ಎಂದ ಜ್ಞಾನದೇವ. ಆದರೆ ಹೇಳುತ್ತ ಹೇಳುತ್ತ ಅವನ ಮೀಸೆಯ ಕೆಳಗೆ ನಗು ಬಂತು. ಸುಜಯನಿಗೂ ಬಂತು. ಇಬ್ಬರೂ ಚಹಾ ಕುಡಿದರು. ಕೆಟ್ಟ ಡಿವಿಡಿಗಳನ್ನು ಸುಜಯ ತನ್ನ ಮೆಕ್ಕೆಜೋಳದ ಹೊಲಕ್ಕೆ ಕಟ್ಟುತ್ತೇನೆಂದು ಇಸಿದುಕೊಂಡ. ಬಿಸಿಲಿಗೆ ಮಿಂಚಿದರೆ ಗಿಳಿಗಳು ಹತ್ತಿರ ಬರುವುದಿಲ್ಲ. “ನಿಮ್ಮ ಅಜ್ಜಿ ಏನಂದ್ಲು?” ಎಂದು ಸ್ನೇಹಲ ನೆಲ ನೋಡುತ್ತ ಕೇಳಿದಳು.

“ಮಶೀನ್ ತಪ್ಪ ಇರಬೇಕು, ಇನ್ನೊಂದು ಸಲ ತೋರ್ಸ್ರಿ ಅಂದಾಳ. ಕಾಗದ, ಪೆನ್ನು ತಗದ ಇಟ್ಟಾಳ. ಸರಿ ಆಗಿ ಬಂದ್ರ ಅವತ್ತ ಪತ್ರ ಹಾಕಸ್ತಾಳ.”

ಅಪ್ಪಾಸಾಬನಿಗೆ ಜೀವ ಬಂತು. “ನಾಡಿದ್ದ ತಯಾರ!” ಎಂದ.

ಪಶ್ಚಾತ್ತಾಪ ಪಟ್ಟ ಮನುಷ್ಯ ಸುಮ್ಮನೆ ಕೂಡಬೇಕು. ಅಪ್ಪಾಸಾಬ ಸುಧಾರಣೆಗೆ ಕೈಹಾಕಿದ. ‘ಹೊಸ’ ಎಂದು ಇದ್ದಲ್ಲೆಲ್ಲ ಆಯಾ ಊರಿನ ಹೆಸರು ಬರೆದ. ನಿಪ್ಪಾಣಿ ಸೊಸಿ, ಯಡೂರು ಸೊಸಿ, ರಾಯಬಾಗ ಸೊಸಿ. ಕಾಗವಾಡ ಸೊಸಿ ಎಂಬ ಫೈಲು ಎರಡು ಬಂದವು. ಯಾಕೆ ಎರಡು? ಬೇರೆ ಯಾರಾದರೂ ಆಗಿದ್ದರೆ ಇದನ್ನು ಕೇಳಿ ನೋಡುತ್ತಿದ್ದರು. ಅಪ್ಪಾಸಾಬ ಓದಿ ನೋಡಿದ. ಎರಡರ ಚೀಟಿಯೂ ಒಂದೇ. “ಒಂದ ಫೈಲು ಎರಡ ಸಲ ಕಾಪಿ ಆಗೈತಿ. ಸುಮ್ನ ಜಾಗಾ ತಿಂತೈತಿ” ಎಂದು ಒಂದನ್ನು ಅಳಿಸಿ ಹಾಕಿ, ಉಳಿದದ್ದನ್ನು ಸ್ನೇಹಲಳ ಬಾಯಿಯ ಕೆಳಗೆ ಎಳೆದು ಕೂಡಿಸಿದ.

ನಡೆದದ್ದೇನೆಂದರೆ, ಮದುವೆಯ ದಿನ ಸ್ನೇಹಲಳ ಒಡಪು ಮುಗಿದ ಮೇಲೆ ಕಾಗವಾಡದ ಅಜ್ಜಿ ತನ್ನ ಸೊಸೆಯನ್ನು, ಅಂದರೆ ಸ್ನೇಹಲಳ ಅತ್ತೆಯನ್ನು, ರಟ್ಟೆ ಹಿಡಿದು ಮುಂದೆ ತಂದು, “ಇಕಿನೂ ನಮ್ಮ ಸೊಸಿನ. ಇಕಿದೂ ಒಡಪು ಹಿಡಿಯೋ” ಎಂದಿದ್ದಳು. ಅಪ್ಪಾಸಾಬ ಹಿಡಿದಿದ್ದ. ರೂಢಿಯಂತೆ ಅದರ ಚೀಟಿಗೂ ‘ಹೊಸ ಸೊಸಿ’ ಎಂದೇ ಬರೆದಿದ್ದ.

ಎರಡನೆಯ ಡಿವಿಡಿಯನ್ನು ಅಂಗಡಿಯಿಂದ ನೇರವಾಗಿ ಕಾಗವಾಡಕ್ಕೆ ಒಯ್ದವನೂ ಜಿನ್ನಪ್ಪನೇ. ಅಲ್ಲಿ ನಡೆದದ್ದನ್ನು ಅವನು ಮರಳಿ ಬಂದು ನಮ್ಮ ಓಣಿಗೆಲ್ಲ ಹೇಳಿದ. ಹೇಳುವಾಗ ಎರಡು ತಂಬಿಗೆ ನೀರು ಕುಡಿದ.

ಶಾಂತಿನಾಥರು ಈ ಸಲ ಅಕ್ಕಪಕ್ಕದವರನ್ನೂ ಕರೆದಿದ್ದರಂತೆ. ಮೊದಲನೆಯ ಡಿವಿಡಿಯ ಸುದ್ದಿ ಊರಲ್ಲಿ ಹಬ್ಬಿತ್ತಲ್ಲ, ಊರ ಮುಂದೆಯೇ ಸರಿಯಾಗಲಿ ಎಂದು. ಟೇಬಲ್ಲಿನ ಮೇಲೆ ಕಾಗದ, ಪೆನ್ನು, ಕುಂಕುಮದ ಬಟ್ಟಲು. ‘ಚಿರಂಜೀವಿ ಸೌಭಾಗ್ಯವತಿ’ ಎಂಬಲ್ಲಿಯವರೆಗೆ ಬರೆದು ಶಾಂತಿನಾಥರು ಪೆನ್ನು ಹಿಡಿದೇ ಕುಳಿತಿದ್ದರು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಟಿವಿಯ ಮುಂದೆ ಮಣೆ ಹಾಕಿಸಿಕೊಂಡಿದ್ದಳು. ಹಸಿರು ಪತ್ತಲದ ಸ್ನೇಹಲ ಹೊಸ್ತಿಲಿಗೆ ಬಂದಳು, ನಾಚಿ ತಲೆ ತಗ್ಗಿಸಿದಳು, ಬಾಯಿ ತೆರೆದಳು. ಐವತ್ತು ದಾಟಿದ ಗಟ್ಟಿ ದನಿ ಹೊರಟಿತು:

“ಕೃಷ್ಣಾ ಹೊಳಿ ದಂಡ್ಯಾಗ ಕಬ್ಬಿನ ಗಾಣ ಕಟ್ಟ್ಯಾರ,
ಶಾಂತಿನಾಥರು ಮೂವತ್ತ ವರ್ಷ ನನ್ನ ಮಾತ ಕೇಳ್ಯಾರ!”

ಶಾಂತಿನಾಥರ ಪೆನ್ನು ‘ಸೌಭಾಗ್ಯವತಿ’ಯ ಮೇಲೆ ಒಂದು ಉದ್ದ ಗೀರೆಳೆಯಿತು. ಪಕ್ಕದ ಮನೆಯ ರಾವಸಾಹೇಬ ಎಂಬುವರು ಬಾಯಿಗೆ ಟಾವೆಲ್ ತುರುಕಿಕೊಂಡು ಹೊರಗೆ ಓಡಿದರು. ಸುಜಯ ತಲೆಯ ಮೇಲೆ ಕೈ ಹೊತ್ತು ಕುಳಿತ.

“ಯಾರ ಹೆಸರ ಅಂದ್ಲು?” ಎಂದು ಅಜ್ಜಿ ಕೇಳಿದಳು. “ಯಾರ ಹೆಸರ ಅಂದ್ಲೋ?” ಎಂದು ಮತ್ತೆ ಕೇಳಿದಳು. ಜಿನ್ನಪ್ಪ ಸುಳ್ಳು ಹೇಳಲಾರದ ಮನುಷ್ಯ. ನೆಲ ನೋಡುತ್ತ ಹೇಳಿಬಿಟ್ಟ.

“ಮೊದಲನೇದಾಗ ಪೊಲೀಸನ ಹೆಸರ,” ಎಂದಳು ಅಜ್ಜಿ. “ಎರಡನೇದಾಗ ಮಾವನ ಹೆಸರ. ಇನ್ನ ಮೂರನೇದಾಗ ನನ್ನ ಗಂಡನ ಹೆಸರ ಹೇಳೂದು ಉಳದೈತೇನು?”

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶಾಂತಿನಾಥರು ಹೆಂಡತಿಯ ಕಡೆಗೆ ತಿರುಗಿದರು. “ದನಿ ನಿಂದ. ಮೂವತ್ತ ವರ್ಷ ನಾ ಯಾವಾಗ ನಿನ್ನ ಮಾತ ಕೇಳೀನಿ?”

“ಬೆಂಜೋ ಬಾರಸಾಕತ್ತಿತ್ತು. ಯಾರಿಗೂ ಕೇಳೂದಿಲ್ಲಂತ ಅಂದೆ,” ಎಂದಳು ಆಕೆ.

“ಇಡೀ ಕಾಗವಾಡ ಕೇಳೈತಿ ಈಗ!”

“ಕೇಳ್ಲಿ ಬಿಡ್ರಿ. ಒಂದ ದಿನಾ ಆದ್ರೂ ಕೇಳಿದ್ರ ನಾ ಹಂಗ ಯಾಕ ಅಂತಿದ್ದೆ? ಆಸೆಕ್ಕ ಅಂದೆ!”

ಜಗಳ ಬೋರವೆಲ್, ದ್ರಾಕ್ಷಿ, ನಾದಿನಿಯ ಸೀಮಂತದ ಸೀರೆ ಇವುಗಳನ್ನೆಲ್ಲ ಹಾದು ಸಂಜೆಯವರೆಗೆ ನಡೆಯಿತು. ಕಾಗದವೂ ಕುಂಕುಮವೂ ಕಪಾಟಿಗೆ ಹೋದವು. “ಸೊಸಿ ಬಾಯಾಗ ಮೊಮ್ಮಗನ ಹೆಸರ ಬರೂತನ ಪತ್ರ ಹೋಗೂದಿಲ್ಲ” ಎಂದು ಅಜ್ಜಿ ಕಪಾಟಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇತ್ತ ಅಕ್ಕೋಳದಲ್ಲಿ ಟಪಾಲಿನ ರಾಜಾರಾಮ ನಮ್ಮ ಓಣಿಗೆ ತಿರುಗುವ ಮೊದಲೇ “ಕಾಗವಾಡದ್ದು ಬಂದಿಲ್ರೀ!” ಎಂದು ಕೂಗುವುದನ್ನು ರೂಢಿ ಮಾಡಿಕೊಂಡ. ಸ್ನೇಹಲ ಒಳಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕುತ್ತಿದ್ದಳು, ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ಓಣಿಯ ಮಂದಿ ಕೇಡು ಬಯಸುವವರಲ್ಲ. ಆದರೆ ಕೇಳುವವರು. ನೀರಿಗೆ ಹೋದರೆ “ಇನ್ನೂ ಇಲ್ಲೇ ಅದೀಯಾ ತಂಗಿ?”, ಬಸದಿಗೆ ಹೋದರೆ “ಕಾಗವಾಡದಾವ್ರು ಆರಾಮ ಅದಾರಾ?” ಎಂದು. ಹುಡುಗಿ ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು. ಕಮಲಾಬಾಯಿ ಆ ಮದುವೆಯ ಜಿಲೇಬಿಯ ಮಾತು ಬಂದರೂ ಅಳುತ್ತಿದ್ದಳು.

ಅಪ್ಪಾಸಾಬ ಊಟ ಬಿಟ್ಟ. ಅಳಿಸಿದ ಫೈಲು ಕಂಪ್ಯೂಟರಿನಲ್ಲಿ ಸಿಗಲಿಲ್ಲ. ರೆಕಾರ್ಡರಿನಲ್ಲಿ ಅದಾದ ಮೇಲೆ ನಾಲ್ಕು ಊರಿನ ಒಡಪು ತುಂಬಿತ್ತು. ಸ್ನೇಹಲಳ ನಿಜವಾದ ದನಿ ಉಳಿದಿದ್ದುದು ಒಂದೇ ಕಡೆ, ಜ್ಞಾನದೇವನ ಹಳೆಯ ಡಿವಿಡಿಯಲ್ಲಿ. ಸುಜಯನಿಗೆ ಫೋನ್ ಮಾಡಿದ. ಸುಜಯ ಹೊಲಕ್ಕೆ ಓಡಿ ಹೋಗಿ ನೋಡಿದರೆ, ಡಿವಿಡಿ ಬಿಸಿಲಿಗೆ ಒಣಗಿ, ಗಾಳಿಗೆ ಗೂಟಕ್ಕೆ ಬಡಿದು, ಹಪ್ಪಳದಂತೆ ಮೂರು ತುಂಡಾಗಿತ್ತು. ಗಿಳಿಗಳು ಮಾತ್ರ ತಪ್ಪದೆ ಬರುತ್ತಿದ್ದವು.

ಕಡೆಗೆ ಅಪ್ಪಾಸಾಬ ರೆಕಾರ್ಡರ್ ಹಿಡಿದು ಅಕ್ಕೋಳಕ್ಕೆ ಬಂದ. ಮೊಳೆಯಿಂದ ಇಳಿದ ಹೆಡ್‌ಫೋನು ಕೊರಳಲ್ಲಿತ್ತು. “ಸ್ನೇಹಲ, ಅದ ಒಡಪು ಇನ್ನೊಮ್ಮೆ ಹೇಳವ್ವ. ನಿನ್ನ ಕಾಲ ಬೀಳ್ತೀನಿ.”

“ಯಾವುದು ಮಾಮಾ? ‘ದ್ರಾಕ್ಷಿ ಬಳ್ಳಿಗೆ ಹಂದರ, ಹಂದರಕ್ಕ ತಂತಿ, ಸುಜಯರ ಮನಿಗೆ ಬಂದೆ, ಇನ್ನ ನನಗಿಲ್ಲ ಚಿಂತಿ’, ಅದ?”

“ಅದ! ಅದ! ತಡಿ, ಇನ್ನೂ ಬಟನ್ ಒತ್ತಿಲ್ಲ.”

“ನಾ ಅದನ್ನ ಹೇಳೂದಿಲ್ಲ.”

“ಯಾಕ ಬೇ?” ಎಂದೆವು ನಾವೆಲ್ಲ.

“ಚಿಂತಿ ಇಲ್ಲಂತ ಹ್ಯಾಂಗ ಹೇಳ್ಲಿ? ಮನಿ ತುಂಬ ಚಿಂತಿ ಇಟಗೊಂಡ ಕುಂತೀನಿ. ಒಡಪಿನಾಗ ಸುಳ್ಳ ಹೇಳಿದ್ರ ಏನ ಆಗ್ತೈತಿ ಅಂತ ನಮ್ಮ ಅತ್ತಿಯವರನ್ನ ನೋಡಿದ್ರಲ್ಲ. ನಾ ಹೊಸಾದು ಹೇಳ್ತೀನಿ.”

“ಹೊಸಾದು ಹೇಳಿದ್ರ ತುಟಿ ಕೂಡೂದಿಲ್ಲವ್ವ! ಚಿತ್ರದಾಗ ಬಾಯಿ ಒಂದು, ದನಿ ಒಂದು ಆಗ್ತೈತಿ.”

“ಇಲ್ಲೀತನಕಾ ಕೂಡಿತ್ತೇನು ಮಾಮಾ?”

ತಜ್ಞ ಬಟನ್ ಒತ್ತಿದ. ಮೊದಲ ಸಲ ಸುಂದ್ರವ್ವನ ಆಡು ಕೂಗಿತು. ಎರಡನೆಯ ಸಲ ಕುಕ್ಕರ್ ಸೀಟಿ ಹೊಡೆಯಿತು. ಮೂರನೆಯ ಸಲ ಸ್ನೇಹಲ ಹೇಳಿ ಮುಗಿಸಿದ್ದೇ ನಾವೆಲ್ಲ “ಭಲೆ!” ಎಂದು ಚಪ್ಪಾಳೆ ಹೊಡೆದು ಕೆಡಿಸಿದೆವು. ನಾಲ್ಕನೆಯ ಸಲ ಅಪ್ಪಾಸಾಬ ನಮ್ಮನ್ನೆಲ್ಲ ದನದ ಕೊಟ್ಟಿಗೆಗೆ ಕಳಿಸಿ ಹಿಡಿದುಕೊಂಡ. ಅಲ್ಲಿಯೇ ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳಿದ. ಎಷ್ಟೋ ವರ್ಷದ ಮೇಲೆ ಅವನು ಒಂದು ಒಡಪನ್ನು ಕಿವಿಯಿಂದ ಕೇಳಿದ್ದು ಅಂದೇ. “ಮಸ್ತ್ ಕೇಳ್ಸತೈತಿ ಅಕ್ಕಾ!” ಎಂದು ಬೆರಗಾದ.

ಈ ಸಲದ ಚೀಟಿಯಲ್ಲಿ ಅಪ್ಪಾಸಾಬ ಬರೆದದ್ದು ಹೀಗೆ: ಹಾಡಿದವರು ಸ್ನೇಹಲ. ಗಂಡ ಸುಜಯ. ತಂದೆ ಜಿನ್ನಪ್ಪ. ತವರು ಅಕ್ಕೋಳ, ತಾಲೂಕು ಚಿಕ್ಕೋಡಿ. ಕೊಟ್ಟ ಊರು ಕಾಗವಾಡ, ತಾಲೂಕು ಅಥಣಿ. ಜಿಲ್ಲೆ ಬೆಳಗಾವಿ. ಬೇರೆ ಯಾರೂ ಅಲ್ಲ. ಜಾಗ ಮುಗಿದದ್ದಕ್ಕೆ ಅಷ್ಟಕ್ಕೇ ನಿಲ್ಲಿಸಿದ.

ಡಿವಿಡಿಯನ್ನು ಯಾರ ಕೈಗೂ ಕೊಡುವ ಧೈರ್ಯವಾಗಲಿಲ್ಲ. ತಾನೇ ಹೊರಟ. ಒಬ್ಬನೇ ಹೋಗಲು ಧೈರ್ಯವಾಗದೆ ಜ್ಞಾನದೇವನನ್ನು ಬೇಡಿಕೊಂಡ. ಜ್ಞಾನದೇವ ರಜೆ ಹಾಕಿ, ತನ್ನ ಹೆಸರಿನ ಮೇಲಿದ್ದ ಕಳಂಕವನ್ನು ಕಾಗವಾಡದಲ್ಲೂ ತೊಳೆದು ಬರೋಣವೆಂದು ನೀಲಮಳನ್ನೂ ಬೈಕಿಗೆ ಕೂಡಿಸಿಕೊಂಡ. ಡಿವಿಡಿಗೆ ಅರಗಿನ ಮುದ್ರೆ ಒತ್ತಿಸಿದ್ದು ಅವನದೇ ಬುದ್ಧಿ. ಸೋದರಮಾವ ಹೋಗುವಾಗ ತವರಿನಿಂದ ಬುತ್ತಿ ಹೋಗಬೇಕೆಂದು ಜಿನ್ನಪ್ಪನ ಜೊತೆ ಬಸ್ಸಿನಲ್ಲಿ ನಾನೂ ಸುಂದ್ರವ್ವನೂ ಬುಟ್ಟಿ ಹಿಡಿದು ಹೋದೆವು. ಹೋಗದೆ ಇರುವುದು ಹೇಗೆ?

ಶಾಂತಿನಾಥರ ಪಡಸಾಲೆಯಲ್ಲಿ ಈ ಸಲ ಊರೇ ನೆರೆದಿತ್ತು. ಕರೆದವರು ಕಡಿಮೆ, ಬಂದವರು ಹೆಚ್ಚು. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತಿದ್ದರು. ಅಜ್ಜಿ ಮಣೆಯ ಮೇಲೆ. ಜ್ಞಾನದೇವ ಮುದ್ರೆ ಒಡೆದು ಡಿವಿಡಿ ಹಾಕಿದ. ಅಪ್ಪಾಸಾಬ ಕಣ್ಣು ಮುಚ್ಚಿಕೊಂಡ. ಸ್ನೇಹಲ ಹೊಸ್ತಿಲಿಗೆ ಬಂದಳು, ತಲೆ ತಗ್ಗಿಸಿದಳು, ಬಾಯಿ ತೆರೆದಳು:

“ಕಬ್ಬಿನ ಸೂಲಂಗಿ ಮ್ಯಾಲೆ ಗಿಳಿ ಬಂದು ಕುಂತಾವ,
ಸುಜಯರ ಮನಿ ಪತ್ರಕ್ಕ ಕಣ್ಣು ಬಾಗಿಲಾಗ ನಿಂತಾವ!”

ತುಟಿ ಮುಚ್ಚಿದ ಮೇಲೂ ದನಿ ಸ್ವಲ್ಪ ಹೊತ್ತು ನಡೆಯಿತು. ಅದನ್ನು ಯಾರೂ ಗಮನಿಸಲಿಲ್ಲ. ಸುಜಯ ಟಿವಿಯೊಳಗೂ ನಕ್ಕ, ಹೊರಗೂ ನಕ್ಕ.

ಶಾಂತಿನಾಥರು ಮಾತ್ರ ಹುಬ್ಬು ಗಂಟಿಕ್ಕಿದರು. “ಇದೇನ್ರಿ ಇದು? ಮದುವಿ ದಿನಾನ ಪತ್ರದ ಮಾತ ಎಲ್ಲಿಂದ ಬಂತು? ಅವಾಗ ಪತ್ರ ತಡಾ ಆಗಿದ್ದಿಲ್ಲಲಾ?”

ಸತ್ಯ ಹೇಳಲು ಜಿನ್ನಪ್ಪ ಬಾಯಿ ತೆರೆದ. ಸುಂದ್ರವ್ವ ಬುಟ್ಟಿಯಿಂದ ಒಂದು ಇಡೀ ಶೇಂಗಾ ಉಂಡಿ ತೆಗೆದು ಆ ಬಾಯಿಗೆ ತುಂಬಿದಳು. ಅಪ್ಪಾಸಾಬ “ಅದು ಮೆಟಾ…” ಎನ್ನುವಷ್ಟರಲ್ಲಿ ಜ್ಞಾನದೇವ ಬೂಟುಗಾಲಿನಿಂದ ಅವನ ಪಾದ ಮೆಟ್ಟಿದ.

ಆದರೆ ಅಜ್ಜಿಗೆ ಆಗಲೇ ಎಲ್ಲ ತಿಳಿದುಹೋಗಿತ್ತು.

“ಜಾಣಿ ಐತಿ ಹುಡುಗಿ,” ಎಂದಳು ತಲೆಯಾಡಿಸುತ್ತ. “ಹೊಸ್ತಿಲದಾಗ ನಿಂತಾಗನ ಗುರತ ಹಿಡದಾಳ ನೋಡು, ಈ ಮಾವ ಪತ್ರ ಹಾಕಾಕ ತಡಾ ಮಾಡೋ ಪೈಕಿ ಅಂತ. ಏಳೋ ಶಾಂತಿನಾಥ, ಬರಿ!”

“ನಾ ತಡಾ ಮಾಡೀನಾ? ಕೀಲಿ ನಿನ್ನ ಸೊಂಟದಾಗ…”

“ಬರಿ ಅಂದೆ!”

“ಬರೀರಿ ಅಂದ್ರ ಬರೀರಲಾ,” ಎಂದಳು ಹೆಂಡತಿ, ಬೆನ್ನು ಮಾಡಿಕೊಂಡೇ. “ಇವತ್ತ ಒಂದ ದಿನಾ ನನ್ನ ಮಾತ ಕೇಳ್ರಿ. ಉಳದ ಮೂವತ್ತ ವರ್ಷದ್ದು ಆಮ್ಯಾಲೆ ನೋಡೂಣು.”

ಶಾಂತಿನಾಥರು ಕುಳಿತು ಬರೆದರು. ಕನ್ನಡದಲ್ಲಿ ಶುರು ಮಾಡಿ, ಅರ್ಧಕ್ಕೆ ತಮಗೆ ಗೊತ್ತಿಲ್ಲದೆ ಮರಾಠಿಗೆ ಹೊರಳಿ, ಹೆಂಡತಿ ನೆನಪು ಮಾಡಿದ ಮೇಲೆ ಮತ್ತೆ ಕನ್ನಡಕ್ಕೆ ಬಂದರು. ಅಜ್ಜಿ ನಾಲ್ಕು ಮೂಲೆಗೂ ತಾನೇ ಕುಂಕುಮ ಹಚ್ಚಿದಳು. ವಿಳಾಸವನ್ನು ಜ್ಞಾನದೇವ ಎರಡು ಸಲ ಓದಿ ತಾಳೆ ನೋಡಿದ. ಅಪ್ಪಾಸಾಬನನ್ನು ಪಾಕೀಟಿನ ಹತ್ತಿರ ಬಿಡಲಿಲ್ಲ.

ಪತ್ರ ಹಿಡಿದು ಶಾಂತಿನಾಥರು ಟಪಾಲು ಕಚೇರಿಯ ಕಡೆಗೆ ನಡೆದರು. ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ನಾವು, ನಮ್ಮ ಹಿಂದೆ ರಾವಸಾಹೇಬರು ಮತ್ತು ಉಳಿದ ಕಾಗವಾಡ. ಸುಜಯ ಮೆರವಣಿಗೆಯಲ್ಲಿ ಇರಲಿಲ್ಲ. ಮೊದಲೇ ಹೋಗಿ ಡಬ್ಬಿಯ ಪಕ್ಕದಲ್ಲಿ, ಅಕ್ಕೋಳದ ದಿಕ್ಕಿಗೆ ಮೋರೆ ಮಾಡಿದ ಬೈಕಿನ ಮೇಲೆ ಕುಳಿತಿದ್ದ. ಶಾಂತಿನಾಥರು ಪತ್ರವನ್ನು ಡಬ್ಬಿಯ ಬಾಯಿಗೆ ಅರ್ಧ ತೂರಿಸಿ, ಹಾಗೇ ಹಿಡಿದುಕೊಂಡು, ಗೋಂದು ಸರಿಯಾಗಿ ಹತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡತೊಡಗಿದರು.

“ಬಿಡೋ ಕೈ!” ಎಂದಳು ಅಜ್ಜಿ.

ಅವರು ಕೈ ಬಿಟ್ಟರು. ಪತ್ರ ಡಬ್ಬಿಯ ತಳಕ್ಕೆ ಬಿದ್ದ ಸದ್ದು ನಮಗೆ ಯಾರಿಗೂ ಕೇಳಿಸಲಿಲ್ಲ; ಅಷ್ಟರಲ್ಲಿ ಸುಜಯ ಕಿಕ್ ಹೊಡೆದಿದ್ದ.